ಸದ್ದಿಲ್ಲದ ಭೂಕಂಪದ ಪಾಠ

ನನಗೆ ಸ್ವಂತದ್ದೊಂದು ದನಿ ಇದೆ ಅನ್ನುವುದು ಗೊತ್ತಾದದ್ದು ಬಿ.ಎಡ್. ಓದುವಾಗ, ಅದೂ ಶಿಕ್ಷೆಯ ರೂಪದಲ್ಲಿ. ಅಲ್ಲಿಯವರೆಗೆ ಬೇರೆಯವರ ದನಿಗಳ ಮೇಲೇ ಬದುಕಿದವನು ನಾನು. ಮರಳೂರಿನ ನಮ್ಮ ಬೀದಿಯ ಹಾಲಿನವರು ಸೈಕಲ್ಲಿನಿಂದ ಇಳಿಯುವಾಗ ಬಿಡುವ ನಿಟ್ಟುಸಿರು, ಗುಬ್ಬಿ ಬಸ್ಸಿನ ಕಂಡಕ್ಟರು ‘ಒಳಕ್ಕೋಗಿ, ಒಳಕ್ಕೋಗಿ, ಒಳಗೆ ಮದ್ವೆ ಮಾಡೋವಷ್ಟು ಜಾಗ ಇದೆ’ ಎಂದು ಎಳೆಯುವ ರಾಗ, ಪಾತ್ರೆಗೆ ಕಲಾಯಿ ಹಾಕುವ ನಮ್ಮ ಅಬ್ಬಾ ಗಿರಾಕಿಯ ಜೊತೆ ಕನ್ನಡದಲ್ಲಿ ನಗುತ್ತಾ ಅದೇ ಉಸಿರಿನಲ್ಲಿ ಒಲೆಗೆ ಗಾಳಿಯೂದುವ ತಿದಿಯನ್ನು ಉರ್ದುವಿನಲ್ಲಿ ಬಯ್ಯುವ ಪರಿ, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದವು. ನನ್ನನ್ನೂ ನಾನು ಬಿಟ್ಟವನಲ್ಲ. ಪಿಯುಸಿಯಲ್ಲಿ ಡುಮ್ಕಿ ಹೊಡೆದು ಮನೆಗೆ ಬಂದಾಗ ಬಾಗಿಲಲ್ಲಿ ನಿಂತ ನನ್ನ ಮುಖ ಹೇಗಿತ್ತು ಎಂಬುದನ್ನು ಮಾರನೆಯ ದಿನ ನಾನೇ ಅಭಿನಯಿಸಿ ತೋರಿಸಿದೆ. ಅಮ್ಮಿ ನಕ್ಕರು, ಆಮೇಲೆ ಊಟ ಬಡಿಸಿದರು.

ಬಿ.ಎಡ್. ಕಾಲೇಜಿನಲ್ಲಿ ನಮಗೆ ಪಾಠ ಮಾಡುವ ವಿಧಾನವನ್ನು ಕಲಿಸುತ್ತಿದ್ದ ಮೇಷ್ಟ್ರು ಒಬ್ಬರಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿರುತ್ತಿತ್ತು, ಅದನ್ನು ಕೈಯಿಂದ ಮುಟ್ಟದೆ ಮೂಗನ್ನೇ ಮೇಲಕ್ಕೆ ಸುಕ್ಕಿಸಿ ಏರಿಸುತ್ತಿದ್ದರು. ಪ್ರತಿ ಎರಡು ವಾಕ್ಯಕ್ಕೊಮ್ಮೆ ‘ಅಂದ ಮೇಲೆ’ ಅನ್ನುತ್ತಿದ್ದರು. ಇಂಥವರನ್ನು ದೇವರು ನನ್ನಂಥವನಿಗಾಗಿಯೇ ಸೃಷ್ಟಿಸಿರುತ್ತಾನೆ. ಒಂದು ಮಧ್ಯಾಹ್ನ ಹಾಸ್ಟೆಲ್ಲಿನ ಊಟದ ಮನೆಯಲ್ಲಿ ಸೌಟು ಹಿಡಿದು ‘ಅಂದ ಮೇಲೆ, ಈ ಸಾರಿನ ಉದ್ದೇಶವೇನು, ಅಂದ ಮೇಲೆ, ಇದರಲ್ಲಿ ಬೇಳೆ ಯಾಕಿಲ್ಲ’ ಎಂದು ಮೂಗು ಏರಿಸುತ್ತಿದ್ದೆ. ಎದುರಿಗಿದ್ದವರ ನಗು ಪಟ್ಟನೆ ನಿಂತಿತು. ತಿರುಗಿ ನೋಡಿದರೆ ಮೇಷ್ಟ್ರು.

‘ಚೆನ್ನಾಗಿದೆ’ ಅಂದರು. ‘ಮೂಗು ಇನ್ನೂ ಸ್ವಲ್ಪ ಎಡಕ್ಕೆ ವಾಲ್ಬೇಕು. ಅಂದ ಮೇಲೆ, ನಿನ್ನ ಕೊನೆ ಪಾಠಕ್ಕೆ ನಾನೇ ಬರ್ತೀನಿ. ನಲವತ್ತು ನಿಮಿಷ, ನಿನ್ನ ಸ್ವಂತ ದನೀಲಿ ಪಾಠ ಮಾಡ್ಬೇಕು. ನಾಯಿ, ನರಿ, ಬಸ್ಸು, ಕಂಡಕ್ಟರು, ನಾನು, ಯಾರೂ ನಿನ್ನ ಬಾಯಿಂದ ಬರ್ಕೂಡ್ದು. ಬಂದರೆ ಫೇಲು.’

ಕೊನೆಯ ಪಾಠ ಅಂದರೆ ನಮಗೆ ಪರೀಕ್ಷೆಯ ಪರೀಕ್ಷೆ. ಅದರಲ್ಲಿ ಕೆಟ್ಟರೆ ಇಡೀ ವರ್ಷ ಮತ್ತೆ ಮೊದಲಿನಿಂದ. ನನಗೆ ವರ್ಷದ ಚಿಂತೆ ಅಷ್ಟಿರಲಿಲ್ಲ, ಅಬ್ಬಾನ ಚಿಂತೆ ಇತ್ತು. ಅವರು ಆಗಲೇ ಕಲಾಯಿ ಹಾಕಿಸಲು ಬಂದ ಪ್ರತಿ ಗಿರಾಕಿಗೂ ‘ನಮ್ ಹುಡುಗ ಮೇಷ್ಟ್ರಾಗ್ಬುಟ್ಟ’ ಎಂದು ಹೇಳಿ ಮುಗಿಸಿದ್ದರು. ಬೀದಿಯವರೂ ಅವರನ್ನು ‘ಮೇಷ್ಟ್ರಪ್ಪ’ ಅಂತಲೇ ಕರೆಯತೊಡಗಿದ್ದರು. ಆ ಹೆಸರು ಕರೆದಾಗ ಅವರು ಒಂದು ಸಲ ಕೇಳಿಸದವರಂತೆ ಇದ್ದು, ಎರಡನೆಯ ಸಲಕ್ಕೆ ತಿರುಗುತ್ತಿದ್ದರು, ಇನ್ನೊಮ್ಮೆ ಕರೆಯಲಿ ಎಂದು. ನಾನು ಫೇಲಾದರೆ ಅವರು ಆ ಹೆಸರನ್ನು ವಾಪಸ್ಸು ಕೊಡಬೇಕಾಗುತ್ತಿತ್ತು.

ಇದಕ್ಕೆ ಸರಿಯಾಗಿ ಚೀಟಿ ಎತ್ತಿದಾಗ ನನಗೆ ಬಂದ ಪಾಠ: ‘ಜ್ವಾಲಾಮುಖಿ ಮತ್ತು ಭೂಕಂಪಗಳ ವಿನಾಶಕಾರಿ ಶಕ್ತಿ.’ ಎಂಟನೆಯ ತರಗತಿ. ಗೆಳೆಯನಿಗೆ ಗ್ರಾಮ ಪಂಚಾಯಿತಿ ಬಂದಿತ್ತು, ಇನ್ನೊಬ್ಬನಿಗೆ ಹತ್ತಿಯ ಬೆಳೆ. ಸದ್ದೇ ಮಾಡದ ಪಾಠಗಳು. ನನಗೆ ಮಾತ್ರ ಭೂಮಿ ಬಾಯಿ ಬಿಡುವುದೂ ಬೆಟ್ಟ ಸಿಡಿಯುವುದೂ. ಗಂಟಲೊಳಗೆ ಮೂರು ಬಗೆಯ ಗುಡುಗು ಇಟ್ಟುಕೊಂಡವನಿಗೆ ಬಾಯಿ ಮುಚ್ಚಿ ಭೂಕಂಪ ಮಾಡು ಅಂದರೆ ಹೇಗೆ.

ನಮ್ಮನ್ನು ಮೂರು ವಾರ ಕುಣಿಗಲ್ ತಾಲ್ಲೂಕಿನ ಒಂದು ಶಾಲೆಗೆ ಹಾಕಿದ್ದರು. ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ, ನಾಡಹೆಂಚಿನ ಎರಡು ಕೋಣೆ. ಏಳು ಮತ್ತು ಎಂಟನೆಯ ತರಗತಿಗಳ ನಡುವೆ ಇದ್ದದ್ದು ಆಳೆತ್ತರದ ಗೋಡೆ, ಅದರ ಮೇಲೆ ಸೂರಿನವರೆಗೂ ಬಯಲು. ಈ ಕಡೆ ಮಗ್ಗಿ ಹೇಳಿದರೆ ಆ ಕಡೆಯವರಿಗೂ ಬಾಯಿಪಾಠವಾಗುತ್ತಿತ್ತು.

ಪಾಠಕ್ಕೊಂದು ಚಾರ್ಟು ಬೇಕಲ್ಲ, ತುಮಕೂರಿನಲ್ಲಿ ಸಿನಿಮಾ ಬ್ಯಾನರು ಬರೆಯುವವರೊಬ್ಬರ ಹತ್ತಿರ ಬರೆಸಿದೆ. ಬೆಟ್ಟ ಸಿಡಿಯುತ್ತಿರುವುದನ್ನು ಬರೆದುಕೊಡಿ ಅಂದಿದ್ದೆ. ಬರೆದರು, ಕೆಂಪು ಬಣ್ಣ ಡಬ್ಬಿಗಟ್ಟಲೆ ಸುರಿದಿದ್ದರು. ಆದರೆ ಮೂಲೆಯಲ್ಲಿ ಕೂದಲು ಬಿಚ್ಚಿಕೊಂಡು ಅಳುತ್ತಾ ಓಡುವ ಒಬ್ಬ ಹೆಂಗಸು ಇದ್ದಳು. ಯಾರಿದು ಅಂದರೆ, ‘ಬರೀ ಬೆಟ್ಟ ಯಾರ್ ನೋಡ್ತಾರೆ’ ಅಂದರು. ಕುಣಿಗಲ್ ಬಸ್ಸಿನಲ್ಲಿ ಅದನ್ನು ಸುರುಳಿ ಸುತ್ತಿ ಹಿಡಿದು ಕೂತಿದ್ದರೆ ಪಕ್ಕದವರು ಯಾವ ಟಾಕೀಸು ಎಂದು ಕೇಳಿದರು.

ಇನ್ನು ಕೈ ಎತ್ತುವ ಉಪಾಯ. ಇದು ನಮ್ಮ ಹಿಂದಿನ ಬ್ಯಾಚಿನವರು ಬಿಟ್ಟುಹೋದ ಆಸ್ತಿ. ಪಾಠ ನೋಡಲು ಬಂದವರಿಗೆ, ಪ್ರಶ್ನೆ ಕೇಳಿದ ಕೂಡಲೇ ಇಡೀ ತರಗತಿ ಕೈ ಎತ್ತುವುದು ಕಾಣಬೇಕು. ಆದರೆ ಇಡೀ ತರಗತಿಗೆ ಉತ್ತರ ಗೊತ್ತಿರುವುದಿಲ್ಲ. ಆದ್ದರಿಂದ ಹಿಂದಿನ ದಿನವೇ ಮಕ್ಕಳಿಗೆ ಹೇಳಿಡುವುದು: ಎಲ್ಲರೂ ಕೈ ಎತ್ತಿ, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನಾವು ಬಲಗೈಯವರನ್ನು ಮಾತ್ರ ಕೇಳುವುದು. ನಾನೂ ಹೇಳಿಟ್ಟೆ. ಮಕ್ಕಳು ಬಹಳ ಖುಷಿಯಾಗಿ ಒಪ್ಪಿದರು. ಮೇಷ್ಟ್ರಿಗೂ ಪರೀಕ್ಷೆ ಇದೆ ಅನ್ನುವುದೇ ಅವರಿಗೆ ಹಬ್ಬ.

ಕೊನೆಯ ಪಾಠದ ದಿನ ನಮ್ಮ ಮೇಷ್ಟ್ರು ಹಿಂದಿನ ಬೆಂಚಿನ ಪಕ್ಕ ಒಂದು ಕುರ್ಚಿ ಹಾಕಿಸಿಕೊಂಡು ಕೂತರು. ತೊಡೆಯ ಮೇಲೆ ಉದ್ದದ ಪುಸ್ತಕ. ನಾನು ಚಾರ್ಟನ್ನು ಮೊಳೆಗೆ ತೂಗುಹಾಕಿದೆ. ಮಕ್ಕಳೆಲ್ಲ ಓಡುವ ಹೆಂಗಸನ್ನೇ ನೋಡಿದರು.

‘ಭೂಮಿಯ ಒಳಗೆ ಏನಿದೆ?’ ಎಂದು ಕೇಳಿದೆ.

ಕೈಗಳ ತೋಪೇ ಎದ್ದಿತು. ಮೇಷ್ಟ್ರ ಮೂಗು ಮೆಚ್ಚುಗೆಯಿಂದ ಏರಿದ್ದು ಇಲ್ಲಿಂದಲೇ ಕಂಡಿತು. ನಾನು ಬಲಗೈ ಎತ್ತಿದ್ದ ಒಬ್ಬನನ್ನು ಎಬ್ಬಿಸಿದೆ. ಅವನು ನಿಂತ, ಉಗುಳು ನುಂಗಿದ, ಆಮೇಲೆ ಅನ್ಯಾಯವಾದವನ ದನಿಯಲ್ಲಿ ಹೇಳಿದ:

‘ಸಾ, ನಾನ್ ಎಡಗೈ ಎತ್ತಿದ್ದೆ ಸಾ.’

ತಪ್ಪು ನನ್ನದೇ. ಅಣಕಿಸುವವನ ಕಣ್ಣು ಕನ್ನಡಿಯ ಕಣ್ಣು. ಎದುರಿನವರು ಬಲಗೈಯಲ್ಲಿ ಮೀಸೆ ತಿರುವಿದರೆ ನಾನು ಎಡಗೈಯಲ್ಲಿ ತಿರುವುತ್ತೇನೆ, ಹಾಗೆ ಮಾಡಿದರೇ ಅವರಿಗೆ ತಮ್ಮನ್ನು ತಾವು ಕಂಡಂತಾಗುವುದು. ವರ್ಷಗಟ್ಟಲೆ ಹೀಗೆ ಮಾಡಿ ಎದುರಿಗಿರುವವರ ಎಡವೇ ನನಗೆ ಬಲವಾಗಿಬಿಟ್ಟಿತ್ತು. ಲೋಕದಲ್ಲಿ ಎಷ್ಟೋ ಮಂದಿ ಈ ಉಪಾಯ ಮಾಡಿ ಪಾಸಾಗಿದ್ದಾರೆ, ಇದನ್ನು ಹೀಗೆ ಕೆಡಿಸಿದವನು ನಾನೊಬ್ಬನೇ ಇರಬೇಕು.

‘ಯಾವ ಕೈಯಾದ್ರೇನು, ಹೇಳಪ್ಪ’ ಅಂದೆ. ಬಾಯಿ ನಗುತ್ತಿತ್ತು, ಬೆನ್ನು ಬೆವರುತ್ತಿತ್ತು. ಮೇಷ್ಟ್ರು ಪುಸ್ತಕದಲ್ಲಿ ಏನೋ ಬರೆದರು.

ಅಷ್ಟರಲ್ಲಿ ಮುಂದಿನ ಬೆಂಚಿನ ಲೀಡರು ಹಿಂದೆ ತಿರುಗಿ ಪಿಸುಗುಟ್ಟಿದ, ‘ಇವತ್ತು ಉಲ್ಟಾ ಕಣ್ರೋ. ಗೊತ್ತಿದ್ರೆ ಎಡ.’ ಅದು ಅರ್ಧ ತರಗತಿಗೆ ಮಾತ್ರ ಕೇಳಿಸಿತು. ಮುಂದಿನ ಪ್ರಶ್ನೆಗೆ ಎಲ್ಲ ಕೈಗಳೂ ಎದ್ದವು, ಆದರೆ ಯಾವ ಕೈಗೆ ಏನು ಅರ್ಥ ಎಂದು ಆ ಭಗವಂತನಿಗೂ ತಿಳಿಯುವಂತಿರಲಿಲ್ಲ. ಒಬ್ಬ ಎರಡೂ ಕೈ ಎತ್ತಿದ್ದ.

ಹಾಗಾಗಿ ಜ್ವಾಲಾಮುಖಿಯನ್ನು ನಾನು ಪ್ರಶ್ನೆ ಕೇಳದೆ ಮುಗಿಸಿದೆ. ಅವರು ದಿನಾ ಉಣ್ಣುವ ರಾಗಿ ಮುದ್ದೆಯನ್ನೇ ಉದಾಹರಣೆಗೆ ತಂದೆ. ಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡಿ ಸಾರು ಬಿಡುತ್ತೀರಿ, ಸಾರು ಜಾಸ್ತಿಯಾದರೆ ಪಕ್ಕೆಯಿಂದ ಇಳಿದು ತಟ್ಟೆಗೆ ಬರುತ್ತದೆ. ಆದರೆ ಇಲ್ಲಿ ಸಾರು ಮೇಲಿನಿಂದ ಬೀಳುವುದಿಲ್ಲ, ಕೆಳಗಿನಿಂದ ಉಕ್ಕುತ್ತದೆ. ಅದು ಕರಗಿದ ಕಲ್ಲು. ತಟ್ಟೆಯ ಅಂಚಿನಲ್ಲಿರುವ ಉಪ್ಪಿನಕಾಯಿಯೇ ಊರು ಎಂದುಕೊಳ್ಳಿ. ಕಲ್ಲಿನ ಸಾರು ನಡೆಯುವುದು ನಿಧಾನ, ಎಮ್ಮೆಯ ಹಾಗೆ, ಅದರಿಂದ ಓಡಿ ತಪ್ಪಿಸಿಕೊಂಡವರಿದ್ದಾರೆ. ಬೂದಿ ಹಾಗಲ್ಲ. ಅದು ಆಕಾಶಕ್ಕೆ ಹೋಗಿ ಸೂರ್ಯನನ್ನು ಮುಚ್ಚಿ, ಮಳೆಯ ಹಾಗೆ ಇಳಿದು, ಹೊಲ ಬಾವಿ ಎಲ್ಲ ತುಂಬುತ್ತದೆ. ಕೆಂಡ ಬಿದ್ದ ಸೂರು ಹತ್ತಿಕೊಳ್ಳುತ್ತದೆ.

‘ಸಾ’ ಅಂದ ಎರಡೂ ಕೈ ಎತ್ತಿದ್ದವನು. ‘ನಮ್ ಬೆಟ್ಟ ಯಾವಾಗ ಸಿಡೀತದೆ?’

ಎಲ್ಲರೂ ಕಿಟಕಿಯಿಂದ ದುರ್ಗದ ಕಡೆ ನೋಡಿದರು. ನಾನೂ ನೋಡಿದೆ, ಯಾವುದಕ್ಕೂ ಇರಲಿ ಅಂತ.

‘ಸಿಡಿಯಲ್ಲ ಕಣೋ. ಇದೂ ಒಂದು ಕಾಲದಲ್ಲಿ ಕುದ್ದ ಕಲ್ಲೇ. ಆದ್ರೆ ಹೊರಗೆ ಬರ್ದೆ ನೆಲದೊಳಗೇ ತಣ್ಣಗಾಯ್ತು. ಆಮೇಲೆ ಮೇಲಿನ ಮಣ್ಣು ಸವೆದು ನಮ್ಗೆ ಕಾಣ್ತು. ಕೋಪ ನುಂಗ್ಕೊಂಡಿರೋ ಅಜ್ಜನ ಥರ ಅದು.’

‘ನಮ್ಮಜ್ಜ ನುಂಗ್ಕಳಲ್ಲ ಸಾ’ ಅಂದ ಒಬ್ಬ. ಮೇಷ್ಟ್ರ ಪೆನ್ನು ಒಂದು ಕ್ಷಣ ನಿಂತಿತು.

ಅಲ್ಲಿಂದ ಭೂಕಂಪಕ್ಕೆ ಬಂದೆ. ನನ್ನ ಕಷ್ಟ ಶುರುವಾದದ್ದು ಅಲ್ಲೇ. ನೆಲದೊಳಗಿನ ಬಂಡೆಗಳು ಒಂದನ್ನೊಂದು ಒತ್ತಿ ಒತ್ತಿ ಒಮ್ಮೆ ಜಾರುತ್ತವೆ, ಆಗ ಮೇಲಿರುವುದೆಲ್ಲ ಅಲ್ಲಾಡುತ್ತದೆ ಎಂದು ನೆಟ್ಟಗೆ, ನನ್ನದೇ ಸಪ್ಪೆ ದನಿಯಲ್ಲಿ ಹೇಳಿದೆ. ಮಕ್ಕಳು ಆಕಳಿಸಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸಾ, ಅದು ಬರುವಾಗ ಹೆಂಗ್ ಸದ್ದಾಗ್ತದೆ, ಮಾಡಿ ತೋರ್ಸಿ ಸಾ’ ಅಂದಳು. ಮೂರು ವಾರ ಅವರ ಮುಂದೆ ಹುಲಿ, ಹಂದಿ, ಲೂನಾ ಗಾಡಿ ಎಲ್ಲ ಮಾಡಿ ತೋರಿಸಿದ್ದವನು ನಾನು. ಈಗ ಗಂಟಲ ತುದಿಗೆ ಗುಡುಗು ಬಂದು ನಿಂತಿದೆ, ಹಿಂದಿನ ಕುರ್ಚಿಯಲ್ಲಿ ಕನ್ನಡಕ ಮಿನುಗುತ್ತಿದೆ. ನುಂಗಿದೆ.

‘ನಾನು ಮಾಡಲ್ಲ’ ಅಂದೆ. ಆಮೇಲೆ ಬೇರೇನೂ ಹೊಳೆಯದೆ, ‘ನೀವು ಮಾಡಿ. ಈಗ ನೆಲ ಅಲ್ಲಾಡಿದ್ರೆ ನಿಮ್ಮನೇಲಿ ಏನ್ ಸದ್ದಾಗ್ತದೆ?’ ಅಂದೆ.

ಈ ಪ್ರಶ್ನೆಗೆ ಎಡಗೈ ಬಲಗೈ ಬೇಕಾಗಲಿಲ್ಲ. ತಮ್ಮ ಮನೆ ಯಾರಿಗೆ ಗೊತ್ತಿಲ್ಲ?

ಮೊದಲು ಎದ್ದವನು ತೆಂಗಿನ ತೋಟದವನು. ಅವರ ಮನೆಯ ಅಟ್ಟದ ಮೇಲೆ ಕಾಯಿಗಳು ಹತ್ತು ಹನ್ನೊಂದು ತಿಂಗಳು ಕೂತು ಒಳಗೇ ಒಣಗಿ ಕೊಬ್ಬರಿಯಾಗುತ್ತವೆ, ಅಲುಗಿಸಿದರೆ ಒಳಗಿನ ಗಿಟುಕು ಲೊಟಲೊಟ ಅನ್ನುತ್ತದೆ. ‘ಅಟ್ಟದ್ ಮ್ಯಾಲಿನ್ ಕಾಯೆಲ್ಲ ಉಳ್ಳಾಡ್ತವೆ ಸಾ’ ಎಂದು ಹೇಳಿ, ನಾಲಗೆಯನ್ನು ಅಂಗುಳಕ್ಕೆ ಬಡಿದು ಲೊಟಲೊಟಲೊಟ ಶುರುಮಾಡಿದ. ಬಹಳ ಚೆನ್ನಾಗಿ ಮಾಡಿದ. ನನಗೆ ಸ್ವಲ್ಪ ಹೊಟ್ಟೆಯುರಿಯಿತು. ಪಕ್ಕದವನು ಹಿತ್ತಾಳೆ ಬಿಂದಿಗೆಗಳ ಸಾಲು ಬೀಳಿಸಿದ. ಒಬ್ಬಳು ಕೋಳಿಗೂಡು. ಒಬ್ಬ ಹಸುವಿನ ಕೊರಳ ಗಂಟೆ, ಒಬ್ಬ ಹಸು. ಇನ್ನೊಬ್ಬ ‘ಏನ್ಲಾ ಅದು, ಏನ್ಲಾ ಅದು’ ಎಂದು ಅವರಜ್ಜನನ್ನೇ ತಂದ. ‘ಎಲ್ಲಾರೂ ಒಟ್ಟಿಗೆ’ ಅಂದೆ. ಭೂಕಂಪ ಸರದಿ ಪ್ರಕಾರ ಬರುವುದಿಲ್ಲವಲ್ಲ.

ಮೂವತ್ತೆಂಟು ಮಕ್ಕಳು ತಂತಮ್ಮ ಮನೆಗಳನ್ನು ಒಟ್ಟಿಗೆ ಬೀಳಿಸಿದರು. ಕಾಲುಗಳೂ ಸೇರಿಕೊಂಡವು. ಬೆಂಚುಗಳು ಕುಣಿದವು, ಹೆಂಚಿನ ಸಂದಿಯಿಂದ ಧೂಳು ಉದುರಿತು, ಒಂದು ಹಲ್ಲಿ ಚಾರ್ಟಿನ ಹೆಂಗಸಿನ ಮೇಲೆ ಬಿತ್ತು. ಗೋಡೆಯಾಚೆ ಯಾರೋ ಕೂಗಿದರು, ಆಮೇಲೆ ದಡದಡ ಓಟ. ಕಿಟಕಿಯಿಂದ ನೋಡಿದರೆ ಏಳನೆಯ ತರಗತಿ ಪೂರ್ತಿ ಮೈದಾನದಲ್ಲಿತ್ತು. ಅವರ ಮೇಷ್ಟ್ರು ಹಾಜರಿ ಪುಸ್ತಕ ತಲೆಯ ಮೇಲೆ ಹಿಡಿದು ಎಲ್ಲರಿಗಿಂತ ಮುಂದೆ ಓಡುತ್ತಿದ್ದರು. ನಮ್ಮ ಮೇಷ್ಟ್ರು ಕೂತಲ್ಲೇ ಇದ್ದರು, ಆದರೆ ಎರಡೂ ಕೈಗಳಿಂದ ಕುರ್ಚಿಯನ್ನು ಹಿಡಿದಿದ್ದರು.

ಕೈ ಎತ್ತಿ ನಿಲ್ಲಿಸಿದೆ. ಧೂಳು ಇಳಿಯುತ್ತಿತ್ತು. ಸದ್ದು ಮಾಡದೆ ಸುಮ್ಮನೆ ಕೂತಿದ್ದವಳು ಒಬ್ಬಳೇ, ಹಿಂದಿನ ಸಾಲಿನ ಕೊನೆಯಲ್ಲಿ.

‘ನಿಮ್ಮನೇದು ಬರ್ಲಿಲ್ವಲ್ಲಮ್ಮ’ ಅಂದೆ.

‘ನಮ್ಮನೇಲಿ ಸದ್ದಾಗಲ್ಲ ಸಾ’ ಅಂದಳು. ‘ಸೋಗೆ ಗುಡ್ಲು. ಹೋದ್ವರ್ಸ ಗಾಳಿಗೆ ಒಂದ್ಸಲ ನಮ್ ಮ್ಯಾಲೇ ಬಿತ್ತು. ಬುಸ್ ಅಂತು ಅಷ್ಟೆ. ಎತ್ಕಂಡು ಈಚೆಗ್ ಬಂದ್ವಿ.’

ನಾನು ಬರೆದುಕೊಂಡು ಬಂದಿದ್ದ ಪಾಠದಲ್ಲಿ ಮನೆಗಳು ಕುಸಿಯುತ್ತವೆ ಎಂದು ಒಂದು ಸಾಲು ಇತ್ತು. ಯಾವ ಮನೆ ಎಂದು ನಾನು ಯೋಚಿಸಿರಲಿಲ್ಲ. ನೆಲ ಅಲ್ಲಾಡಿದರೆ ಬಯಲಲ್ಲಿ ನಿಂತವನು ಬಿದ್ದು ಮೊಣಕಾಲು ತರಚಿಕೊಂಡಾನು. ಜನರನ್ನು ಕೊಲ್ಲುವುದು ಅವರ ತಲೆಯ ಮೇಲೆ ಅವರೇ ಇಟ್ಟುಕೊಂಡ ಕಲ್ಲು. ಇದನ್ನು ಹಾಗೇ ಮಕ್ಕಳಿಗೆ ಹೇಳಿದೆ. ಹಲಗೆಯ ಮೇಲೆ ಗುಡಿಸಲು, ಹೆಂಚಿನ ಮನೆ, ಕಲ್ಲುಚಪ್ಪಡಿಯ ಮನೆ, ಮೂರನ್ನೂ ಬರೆದು ಯಾವುದು ಭಾರ ಎಂದು ಕೇಳಿದೆ.

ಇಡೀ ತರಗತಿ ತಿರುಗಿ ಒಬ್ಬ ಹುಡುಗನನ್ನು ನೋಡಿತು. ಊರಿಗೆಲ್ಲ ದೊಡ್ಡ ಮನೆಯವನು. ಅವರ ಮುತ್ತಾತ ಕಟ್ಟಿಸಿದ ಕಲ್ಲುಕಂಬ, ಕಲ್ಲುಚಪ್ಪಡಿ, ಮೇಲೆ ಮಾಳಿಗೆ. ಮೂರು ವಾರದಿಂದ ಆ ಮನೆಯ ವಿಷಯ ಕೇಳಿ ಕೇಳಿ ನನಗೇ ಸಾಕಾಗಿತ್ತು.

‘ಲೋ, ನಿಮ್ಮನೇನೇ ಕಣ್ಲಾ ಮೊದ್ಲು’ ಅಂದ ಕೊಬ್ಬರಿಯವನು.

‘ಬೀಳಲ್ಲ ಹೋಗ್ಲಾ.’

‘ಕಲ್ ಹಾಕವ್ರೆ ಕಣ್ಲಾ, ಅಪ್ಪಳ ಆಗ್ತೀಯ.’

ದೊಡ್ಡ ಮನೆಯವನ ಮುಖ ಬದಲಾಯಿತು. ‘ನಮ್ಮಜ್ಜಿ ಹಗಲೆಲ್ಲ ಒಳಗೇ ಇರ್ತದೆ’ ಅಂದ, ನನ್ನನ್ನು ನೋಡಿ. ‘ಅದಕ್ಕೆ ಓಡಕ್ಕಾಗಲ್ಲ ಸಾ.’ ಕಣ್ಣು ತುಂಬಿತ್ತು. ಯಾರೂ ನಗಲಿಲ್ಲ. ಇಂಥ ಸಮಯಕ್ಕೆ ನನ್ನ ಬಳಿ ಯಾರ ದನಿಯೂ ಇರಲಿಲ್ಲ.

ಹಿಂದಿನ ಸಾಲಿನಿಂದ ಆ ಹುಡುಗಿಯೇ ಮಾತಾಡಿದಳು. ‘ನಿಮ್ಮಜ್ಜಿ ನಮ್ಮನೇಗ್ ಬಂದ್ ಇರ್ಲಿ ಬುಡು.’

ಅವನು ಮೂಗು ಒರೆಸಿಕೊಂಡು ಸ್ವಲ್ಪ ಯೋಚಿಸಿದ. ‘ಬೆಂಕಿ ಬೆಟ್ಟ ಆದ್ರೆ ನಿಮ್ಮನೆ ಹತ್ಕಂಡ್ ಉರೀತದೆ. ಆಗ ನೀವ್ ನಮ್ಮನೇಗ್ ಬನ್ನಿ’ ಅಂದ.

ಗಂಟೆ ಹೊಡೆಯಿತು. ಸಾರಾಂಶ ಹೇಳಲು ಐದು ನಿಮಿಷ ಇಟ್ಟುಕೊಂಡಿದ್ದೆ, ಅದು ಹೋಯಿತು.

ಮೇಷ್ಟ್ರು ಹೊರಗೆ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಪುಸ್ತಕ ತೆರೆದರು. ನಾನು ಎದುರು ನಿಂತೆ.

‘ಕೈ ಆಟ ಯಾರು ಹೇಳ್ಕೊಟ್ರು?’

ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

‘ನಾವೂ ಆಡಿದ್ದೇ ಕಣಯ್ಯ. ಆದ್ರೆ ನಾವು ಎಡ ಬಲ ನೋಡ್ಕೊಂಡು ಆಡ್ತಿದ್ವಿ. ಅಂದ ಮೇಲೆ, ಸಾರಾಂಶ ಇಲ್ಲ. ಶಿಸ್ತು ಇಲ್ಲ. ಪಕ್ಕದ ಕ್ಲಾಸು ಇನ್ನೂ ಒಳಗೆ ಬಂದಿಲ್ಲ. ಚಾರ್ಟಿನಲ್ಲಿರೋ ಹೆಂಗಸು ಯಾರು?’

ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಶಾಲೆಯ ಗೇಟಿನಲ್ಲಿ ಗದ್ದಲ. ದೊಡ್ಡ ಮನೆಯ ಹುಡುಗ ಬಿಡುವಿನಲ್ಲಿ ಹತ್ತಿರದಲ್ಲೇ ಇದ್ದ ಮನೆಗೆ ಓಡಿ ಅಜ್ಜಿಯನ್ನು ಕೈಹಿಡಿದು ಕರೆತಂದಿದ್ದ. ಆಕೆಯ ಇನ್ನೊಂದು ಕೈಯಲ್ಲಿ ಕೋಲು. ಹೆಜ್ಜೆಗೊಂದು ಬೈಗುಳ. ಆಕೆಯನ್ನು ನೋಡಿ ಏಳನೆಯ ತರಗತಿಯ ಮೇಷ್ಟ್ರು ಎದ್ದು ನಿಂತರು.

‘ಯಾರಪ್ಪ ಅದು, ನಮ್ಮನೆ ಬೀಳ್ತದೆ ಅಂದೋರು?’

ನಮ್ಮ ಮೇಷ್ಟ್ರು ಪೆನ್ನಿನಿಂದ ನನ್ನನ್ನು ತೋರಿಸಿದರು. ಒಂದು ಕ್ಷಣವೂ ತಡಮಾಡಲಿಲ್ಲ.

ಓಡಿಹೋಗುವ ದಾರಿ ಇರಲಿಲ್ಲ. ‘ಈ ಕಡೆ ದೊಡ್ಡ ಭೂಕಂಪ ಆಗೋದು ಅಪರೂಪ ಅಜ್ಜಿ’ ಅಂದೆ. ‘ನಿಮ್ ಕಾಲಕ್ಕೆ ಆಗ್ಲಿಕ್ಕಿಲ್ಲ, ನನ್ ಕಾಲಕ್ಕೂ ಆಗ್ಲಿಕ್ಕಿಲ್ಲ. ಒಂದ್ವೇಳೆ ಆದ್ರೆ, ಕಲ್ಲಿನ ಕೆಳಗೆ ಇರೋದಕ್ಕಿಂತ ಅಂಗಳದಲ್ಲಿ ಇರೋದು ಒಳ್ಳೇದು. ಸುಳ್ಳು ಹೇಳಲ್ಲ.’

ಆಕೆ ಕೋಲನ್ನು ನೆಲಕ್ಕೆ ಊರಿ ನಿಂತರು. ‘ನಾನೂ ಮದ್ವೆಯಾಗಿ ಬಂದಾಗ್ಲಿಂದ ಆ ಚಪ್ಪಡಿ ನೋಡ್ಕಂಡೇ ಮಲಗ್ತಿದೀನಿ’ ಅಂದರು. ‘ಯಾರಿಗೂ ಹೇಳಿರ್ಲಿಲ್ಲ.’ ಆಮೇಲೆ ಮೊಮ್ಮಗನಿಗೆ, ‘ಸರಿ, ನಡೀಲಾ, ಎಲ್ಲೈತೆ ಆ ಗುಡ್ಲು.’

‘ದಾರಿ ತೋರ್ಸಿಟ್ಟಿರ್ತೀನಿ ಸಾ’ ಎಂದು ಅವನು ನನಗೆ ವಿವರಿಸಿದ. ‘ಆಮೇಲೆ ಗಾಬ್ರೀಲಿ ಸಿಗಲ್ಲ.’ ಹುಡುಗಿ ಮುಂದೆ ಮುಂದೆ ನಡೆದಳು, ಮನೆ ಗುಡಿಸಿದ್ದೆನೋ ಇಲ್ಲವೋ ಎಂಬ ಚಿಂತೆಯಲ್ಲಿ ಅರ್ಧ ಓಡುತ್ತಾ.

ಮೇಷ್ಟ್ರು ಅವರು ಹೋಗುವುದನ್ನು ನೋಡುತ್ತಾ ಕೂತಿದ್ದರು. ಕನ್ನಡಕ ಪೂರ್ತಿ ಜಾರಿತ್ತು, ಏರಿಸಿಕೊಳ್ಳಲಿಲ್ಲ. ಆಮೇಲೆ ಬಗ್ಗಿ ಒಂದೇ ಸಾಲು ಬರೆದು, ನನ್ನ ಕಡೆ ತಿರುಗಿಸಿ, ‘ಸಹಿ ಹಾಕು’ ಅಂದರು. ಅಕ್ಷರ ಕೋಳಿ ಕೆದರಿದ ಹಾಗಿತ್ತು. ‘ಸ್ವಂತ ದನಿಯಲ್ಲೇ ಪಾಠ. ತೇರ್ಗಡೆ’ ಎಂದು ಓದಿಕೊಳ್ಳಲು ನನಗೆ ಎರಡು ಸಲ ಬೇಕಾಯಿತು.

ಮರದ ಹಿಂದೆ ಕಾಯುತ್ತಿದ್ದ ಎಂಟನೆಯ ತರಗತಿ ಸುತ್ತಿಕೊಂಡಿತು.

‘ಸಾ, ನಾವ್ ಪಾಸಾ?’ ಎಂದು ಕೇಳಿದ ಲೀಡರು.

‘ಪಾಸು ಕಣ್ರೋ.’

ಅವರು ಒಂದು ಸಲ ಕುಣಿದರು. ಮರುಕ್ಷಣ ನನ್ನನ್ನು ಅಲ್ಲೇ ಬಿಟ್ಟು ಎಲ್ಲರೂ ಅಜ್ಜಿಯ ಹಿಂದೆ ಓಡಿದರು. ಗುಡಿಸಲಿಗೆ ಹತ್ತಿರದ ದಾರಿ ಯಾವುದು ಎಂದು ಕೂಗುತ್ತಾ ಓಡುತ್ತಿದ್ದರು, ಒಬ್ಬೊಬ್ಬನಿಗೂ ಒಂದೊಂದು ದಾರಿ ಗೊತ್ತಿತ್ತು.